ಕಲಾಯಿ, ಕರೆಂಟು ಮತ್ತು ಖಾತೂನಬಿಯ ಕಿವಿ

ನಿವೃತ್ತಿಯ ದಿನ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಬಾಯಲ್ಲಿ ಪೇಡೆ, ಮೂರನ್ನೂ ಸಂಭಾಳಿಸುತ್ತ ಹೊರಟವಳನ್ನು ನಮ್ಮ ವಿಭಾಗದ ಹೊಸ ಹುಡುಗಿಯರು ಬಾಗಿಲಲ್ಲೇ ತಡೆದರು. "ಮೇಡಂ, ಹಂಗ ಹೋಗಬ್ಯಾಡ್ರಿ. ನಿಮ್ಮ ಅನುಭವ ಬರದು ಕೊಡ್ರಿ, ನಮಗ ಕೆಲಸಕ್ಕ ಬರತೈತಿ" ಎಂದರು. ಬಾಯಲ್ಲಿ ಪೇಡೆ ಇದ್ದುದರಿಂದ ಒಲ್ಲೆ ಎನ್ನಲಾಗಲಿಲ್ಲ. ಬರೆಯುವಂತಾದದ್ದು ಹೀಗೆ.

ಯಂತ್ರ ನಡೆಸುವುದನ್ನು ನೀವು ನನ್ನಿಂದ ಕಲಿಯಬೇಕಿಲ್ಲ. ಈಗಿನ ಯಂತ್ರಗಳು ನನಗಿಂತ ಜಾಣ. ಅವುಗಳ ಜೊತೆ ಬಂದ ಪುಸ್ತಕದಲ್ಲಿ ಎಲ್ಲವೂ ಇದೆ. ನಗು ತಡೆದುಕೊಳ್ಳುವುದು ಹೇಗೆ ಎಂಬುದೊಂದು ಮಾತ್ರ ಇಲ್ಲ. ನಮ್ಮ ಕೆಲಸಕ್ಕೆ ಅದು ತೀರ ಅಗತ್ಯ. ಅದನ್ನಷ್ಟು ಹೇಳುತ್ತೇನೆ.

ನಾನು ಗದಗ-ಬೆಟಗೇರಿಯ ಒಂದು ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆಯ ತಂತ್ರಜ್ಞೆಯಾಗಿದ್ದೆ. ಮುಂಜಾನೆಯೆಲ್ಲ ಕ್ಯಾನ್ಸರಿನವರು. ಅವರ ಕಥೆ ಬೇರೆ, ಅದನ್ನು ಬರೆಯಲು ನನಗೆ ಧೈರ್ಯವಿಲ್ಲ. ಮಧ್ಯಾಹ್ನ ಊಟದ ಮೇಲೆ ಬರುತ್ತಿದ್ದವರು ಗಂಟಿನವರು. ಕಿವಿ ಚುಚ್ಚಿದಲ್ಲಿ, ಸುಟ್ಟಲ್ಲಿ, ಹೊಲಿಗೆ ಹಾಕಿದಲ್ಲಿ ಗಾಯ ಮಾಯ್ದ ಮೇಲೂ ಚರ್ಮ ಉಬ್ಬುತ್ತ ಹೋಗಿ ಗಂಟುಗಟ್ಟುತ್ತದಲ್ಲ, ಆ ಕಿಲಾಯ್ಡಿನವರು. ಇದರಿಂದ ಯಾರೂ ಸಾಯುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಹೊತ್ತು ನಮ್ಮ ಕೋಣೆಯಲ್ಲಿ ನಗುವುದಕ್ಕೆ ಅಡ್ಡಿಯಿರಲಿಲ್ಲ.

ಗದಗ ಆಗಷ್ಟೇ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ಊರಿನ ಎಲ್ಲ ಕಚೇರಿಗಳಿಗೂ ಹೊಸ ಬೋರ್ಡು ಬೇಕು. ಬೋರ್ಡು ಬರೆಯುವ ಪೇಂಟರುಗಳು ಮಂತ್ರಿಗಳಿಗಿಂತ ದುರ್ಲಭರಾಗಿದ್ದರು. ನಮ್ಮ ಆಸ್ಪತ್ರೆಯವರೂ ಒಬ್ಬನನ್ನು ಹಿಡಿದು, ಬರೆಯಬೇಕಾದ್ದನ್ನು ಫೋನಿನಲ್ಲೇ ಹೇಳಿದರು. ಕಿಲಾಯ್ಡ್ ಎಂಬ ಶಬ್ದವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನ ಕಿವಿಗೆ ಬಿದ್ದದ್ದನ್ನು ಹಳದಿ ಹಿನ್ನೆಲೆಯ ಮೇಲೆ ಕೆಂಪಕ್ಷರದಲ್ಲಿ ಅಂದವಾಗಿ ಬರೆದುಕೊಟ್ಟ: "ಇಲ್ಲಿ ಎಲ್ಲಾ ತರಹದ ಕಲಾಯಿಗೆ ಚಿಕಿತ್ಸೆ ಕೊಡಲಾಗುವುದು."

ಬೋರ್ಡು ಏರಿದ ವಾರದಲ್ಲೇ ಮುಂಡರಗಿಯ ಯಜಮಾನರೊಬ್ಬರು ಬಂದರು. ತಲೆಗೆ ಪಟಗಾ ಸುತ್ತಿದ್ದರು, ಮುಖ ಗಂಭೀರವಾಗಿತ್ತು, ಬಗಲಲ್ಲಿ ಅರಿವೆಯಲ್ಲಿ ಸುತ್ತಿದ ಏನೋ ಇತ್ತು. ನಮ್ಮ ದೊಡ್ಡ ಡಾಕ್ಟರು ಶ್ರೀಕಂಠಯ್ಯನವರು ಮೈಸೂರು ಕಡೆಯವರು. ಬರೆಯುವಾಗ ತಲೆ ಎತ್ತುವ ಅಭ್ಯಾಸ ಅವರಿಗಿರಲಿಲ್ಲ.

"ಎಷ್ಟು ದಿನದಿಂದ ಇದೆ?" ಎಂದು ಕೇಳಿದರು.

"ನಮ್ಮ ಮುತ್ತ್ಯಾನ ಕಾಲದಿಂದ ಐತ್ರಿ."

"ಅಂದರೆ ವಂಶದಲ್ಲೇ ಇದೆ. ನೋವಿದೆಯಾ?"

"ಅದಕ್ಕೆಲ್ಲಿ ನೋವ್ರಿ ಸಾಹೇಬ್ರ."

"ಕೆರೆತ? ಸೋರುವುದು?"

"ಸೋರೂದಿಲ್ರಿ. ಆದ್ರ ಒಳಗೆಲ್ಲಾ ಹಸರಾಗೇತಿ. ಅದರಾಗ ಹುಳಿ ಮಾಡಿದ್ರ ಮನಿಮಂದಿಗೆಲ್ಲಾ ಹೊಟ್ಟಿ ಕೆಡತೈತಿ."

ಡಾಕ್ಟರರ ಪೆನ್ನು ನಿಂತಿತು. ತಲೆ ಎತ್ತಿದರು. ಮೇಜಿನ ಮೇಲೆ ಹಿತ್ತಾಳೆಯ ಬೋಗಾಣಿ ಕುಳಿತಿತ್ತು. ನಾನು ಸೀಸದ ಬಾಗಿಲಿನ ಹಿಂದೆ ಓಡಿದೆ. ಒಳಗಿನ ಕಿರಣ ಹೊರಗೆ ಬಾರದಂತೆ ಮಾಡಿದ ಬಾಗಿಲು ಅದು. ನನ್ನ ನಗುವನ್ನು ಮಾತ್ರ ತಡೆಯಲಿಲ್ಲ. ಯಜಮಾನರಿಗೆ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವವನ ಅಂಗಡಿ ತೋರಿಸಿ ಕಳಿಸಿದೆವು. ಅವರು ಹೋಗುವಾಗ, "ಬೋರ್ಡ್ ಬರದು ಮಂದೀನ ಚಾಷ್ಟಿ ಮಾಡತೀರೇನ್ರಿ?" ಎಂದು ಬೈದೇ ಹೋದರು.

ಇನ್ನು ಕರೆಂಟಿನ ವಿಷಯ. ನಮ್ಮ ಚಿಕಿತ್ಸೆಗೆ ಪುಸ್ತಕದಲ್ಲಿ ಏನೇ ಹೆಸರಿರಲಿ, ನಮ್ಮ ಜನರಿಗೆ ಅದು ಕರೆಂಟು. ಕರೆಂಟ್ ಕೊಡುವುದು, ಕರೆಂಟ್ ತೊಗೊಳ್ಳುವುದು. ನಾನು ಕರೆಂಟ್ ಬಾಯಾರು. ವಿದ್ಯುತ್ ಇಲಾಖೆಯ ಲೈನ್‌ಮನ್ ಒಬ್ಬ ಹೆಗಲ ಗಂಟು ಕೊಯ್ಯಿಸಿಕೊಂಡು ಬಂದವನು ರಬ್ಬರ್ ಚಪ್ಪಲಿ ಬಿಚ್ಚಲೇ ಇಲ್ಲ. "ಮೊದಲ ಫೇಸ್ ಯಾವುದು, ನ್ಯೂಟ್ರಲ್ ಯಾವುದು ತೋರಸ್ರಿ, ಆಮ್ಯಾಲ ಮಲಗತೀನಿ" ಎಂದು ಹಟ ಹಿಡಿದ. ಇದು ಎಕ್ಸ್-ರೇ ಜಾತಿಯ ಕಿರಣ, ಮುಟ್ಟುವುದಿಲ್ಲ, ಜುಮ್ಮೆನ್ನುವುದಿಲ್ಲ, ಕಾಣುವುದೂ ಇಲ್ಲ ಎಂದು ಎಷ್ಟು ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. ಎಲ್ಲ ಮುಗಿದ ಮೇಲೆ, "ಏನೂ ಆಗಲೇ ಇಲ್ಲಲ್ರಿ, ಲೈನ್ ಬಂದ್ ಐತೇನು?" ಎಂದು ಕೇಳಿದ.

ಇದನ್ನೆಲ್ಲ ನೋಡಿ ಡಾಕ್ಟರು ಆಜ್ಞೆ ಹೊರಡಿಸಿದರು. "ಸುಮಿತ್ರಾ, ಇನ್ನು ಮೇಲೆ ಕರೆಂಟ್ ಅನ್ನಬಾರದು. ವಿಕಿರಣ ಅನ್ನಿ. ಚಂದದ ಕನ್ನಡ ಶಬ್ದ." ಆಗಲಿ ಎಂದೆ. ಮರುದಿನ ಶಿರಹಟ್ಟಿಯ ಅಜ್ಜಿಯೊಬ್ಬಳಿಗೆ, "ಅಜ್ಜೀ, ಇವತ್ತ ನಿಮಗ ವಿಕಿರಣ ಕೊಡತೀವ್ರಿ" ಎಂದೆ. ಅಜ್ಜಿ ಸೆರಗು ಬಿಗಿ ಮಾಡಿಕೊಂಡಳು. "ಕಿರಣ ಅಂದ್ರ ಯಾವ ಹುಡುಗನವಾ? ಗಂಡಸರು ಬ್ಯಾಡ. ನೀನ ಕೊಡು." ಡಾಕ್ಟರು ಪಕ್ಕದಲ್ಲೇ ಇದ್ದರು. ಆ ವಾರ ಮುಗಿಯುವುದರೊಳಗೆ ಅವರೇ ಒಬ್ಬರಿಗೆ, "ಏನೂ ಹೆದರಬೇಡಿ, ಸ್ವಲ್ಪ ಕರೆಂಟ್ ಕೊಡ್ತೀವಿ ಅಷ್ಟೆ" ಎನ್ನುತ್ತಿದ್ದುದನ್ನು ಈ ಕಿವಿಯಾರೆ ಕೇಳಿದೆ.

ಹುಡುಗಿಯರೇ, ಗಂಟಿನವರಿಗೆ ಹೇಳುವಾಗ ನಾನು ಮದುವೆ ಊಟದ ಮಾತು ತೆಗೆಯುತ್ತಿದ್ದೆ. ಗಾಯವಾದರೆ ಅದನ್ನು ಮುಚ್ಚಲು ಮೈ ಹೊಸ ನಾರು ಕಟ್ಟುತ್ತದೆ. ಮುಚ್ಚಿದ ಮೇಲೆ ನಿಲ್ಲಿಸಬೇಕು. ಕೆಲವರ ಮೈಗೆ ಅದು ತಿಳಿಯುವುದಿಲ್ಲ. ಎಲೆ ತುಂಬಿದರೂ ಸಾಕು ಎನ್ನುವುದನ್ನು ಕೇಳಿಸಿಕೊಳ್ಳದೆ ಹೋಳಿಗೆ ಹಾಕುತ್ತಲೇ ಇರುವ ಬೀಗರ ಹಾಗೆ ಮೇಲೆ ಮೇಲೆ ಬಡಿಸುತ್ತದೆ. ಗಂಟನ್ನು ಬರೀ ಕೊಯ್ದರೆ ಅದೂ ಒಂದು ಗಾಯವೇ, ಮತ್ತೆ ಬಡಿಸಲು ಶುರು. ಅದಕ್ಕೇ ಕೊಯ್ದ ದಿನವೇ, ಬಡಿಸುವ ಕೈ ಏಳುವ ಮೊದಲೇ, ಕಿರಣದಿಂದ ಆ ಕೈ ಹಿಡಿಯಬೇಕು. ಸ್ವಲ್ಪ ಸ್ವಲ್ಪವಾಗಿ ಕೆಲವು ದಿನ. ತಡಮಾಡಿದರೆ ಉಪಯೋಗ ಕಡಿಮೆ. ಹೆಚ್ಚು ಕೊಟ್ಟರೆ ಚರ್ಮಕ್ಕೇ ಅಪಾಯ. ಮಕ್ಕಳಿಗೆ, ಬಸುರಿಯರಿಗೆ ನಾವು ಕೊಡುತ್ತಲೇ ಇರಲಿಲ್ಲ.

ಈ ಹೋಳಿಗೆಯ ಮಾತು ಕೇಳಿ ಬಿದ್ದುಬಿದ್ದು ನಕ್ಕವಳು ಖಾತೂನಬಿ. ಲಕ್ಷ್ಮೇಶ್ವರದ ಬಳೆಗಾರ್ತಿ, ಐವತ್ತರ ಹತ್ತಿರದ ವಯಸ್ಸು, ಎರಡೂ ಮುಂಗೈ ತುಂಬ ಬಳೆ. ನಕ್ಕರೆ ಮೊದಲು ಬಳೆ ಸದ್ದು ಮಾಡುತ್ತಿದ್ದವು, ಆಮೇಲೆ ಅವಳು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ನಿಕ್ಕಿಯಾದರೆ ಮದುಮಗಳಿಗೆ ಹಸಿರು ಬಳೆ ಇಡಲು ಅವಳೇ ಹೋಗಬೇಕು. ಅಜ್ಜಿಗೆ ಇಟ್ಟ ಕೈ, ಮಗಳಿಗೆ ಇಟ್ಟ ಕೈ, ಈಗ ಮೊಮ್ಮಗಳಿಗೂ. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂದಿಲ್ಲ.

ಆದರೆ ಅಂದು ಅವಳು ತಲೆಯ ಮೇಲಿನ ಸೆರಗನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡು ಬಂದಿದ್ದಳು. ಬಿಚ್ಚಿ ತೋರಿಸಿದಾಗ ಎರಡೂ ಕಿವಿಯ ಹಾಲೆಗಳಲ್ಲಿ ಅಡಿಕೆ ಗಾತ್ರದ ಗಂಟು. ಬೇರೆ ಕಡೆ ಎರಡು ಸಲ ಕೊಯ್ಯಿಸಿದ್ದಳು. ಎರಡು ಸಲವೂ ಮೊದಲಿಗಿಂತ ದೊಡ್ಡದಾಗಿ ಬಂದಿದ್ದವು.

ಆ ಕಾಲದಲ್ಲಿ ನಮ್ಮ ಬಳಿ ಇದ್ದದ್ದು ಮೇಲ್ಚರ್ಮಕ್ಕಷ್ಟೇ ಕಿರಣ ಕೊಡುವ ಹಳೆಯ ಎಕ್ಸ್-ರೇ ಯಂತ್ರ. ಕೊಯ್ದ ಗೆರೆಗಷ್ಟೇ ಕಿರಣ ಬೀಳಬೇಕು, ಕೆನ್ನೆಗೆ ಕುತ್ತಿಗೆಗೆ ಬೀಳಬಾರದು. ಅದಕ್ಕೆ ಸೀಸದ ತಗಡಿನಲ್ಲಿ ಕಿವಿಯ ಅಳತೆಗೆ ಕಿಂಡಿ ಕತ್ತರಿಸುತ್ತಿದ್ದೆವು. ನೀವೀಗ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತೀರಿ. ನಾನು ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ ಅಳತೆ ನೋಡುತ್ತಿದ್ದೆ. ಆ ದಪ್ಪ ಕಾಗದ ಎಂದರೆ ಲಗ್ನಪತ್ರಿಕೆ. ಆಸ್ಪತ್ರೆಗೆ ಬರುತ್ತಿದ್ದ ಲಗ್ನಪತ್ರಿಕೆಗಳೆಲ್ಲ ಕಡೆಗೆ ನನ್ನ ಕತ್ತರಿಗೇ ಬರುತ್ತಿದ್ದವು.

ಖಾತೂನಬಿಯ ಕಿವಿಗೆ ಒಂದು ಪತ್ರಿಕೆ ಹಿಡಿದು ಅಳತೆ ಮಾಡುತ್ತಿದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಓದು ಬರುತ್ತಿರಲಿಲ್ಲ. ಆದರೆ ಮೇಲೆ ಅಚ್ಚಾದ ಮನೆದೇವರ ಚಿತ್ರ ಗೊತ್ತಿತ್ತು.

"ಇದು ಅಡರಕಟ್ಟಿ ಗೌಡ್ರ ಮನೀದಲ್ರಿ?"

"ಹೌದ್ರಿ, ಹಿರೇ ಮಗಳ ಲಗ್ನ. ಡಾಕ್ಟರ್ ಸಾಹೇಬ್ರಿಗೆ ಬಂದಿತ್ತು."

"ಈ ಲಗ್ನಕ್ಕ ನನ್ನ ಕರೀಲಿಲ್ರಿ ಬಾಯಾರ." ಬಳೆಗಳ ಸದ್ದು ನಿಂತುಹೋಯಿತು. "ಗೌಡಶಾನಿ ಲಗ್ನಕ್ಕ ನಮ್ಮವ್ವ ಬಳಿ ಇಟ್ಟಿದ್ಲು. ಈಗ ಗೌಡಶಾನಿ ಅಂದಳಂತ, ಖಾತೂನಬಿ ಕಿವ್ಯಾಗ ಅದೇನ ರೋಗೋ ಏನೋ, ಮದುಮಗಳ ಕೈ ಮುಟ್ಟೂದು ಬ್ಯಾಡ ಅಂತ. ಒಂದ ಮನಿ ಬಿಟ್ರ ಹತ್ತ ಮನಿ ಬಿಡತಾವ್ರಿ. ಬಳಿ ಮಾರಾಕ ಸಂತಿ ಐತಿ, ಅದರ ಚಿಂತಿಲ್ಲ. ಆದ್ರ ಮದುಮಗಳ ಕೈ ಹಿಡಿಯಾಕ ಸಿಗಲಿಲ್ಲಂದ್ರ ನಾ ಎಂಥಾ ಬಳಿಗಾರ್ತಿ?"

ನಾನು ಆ ಪತ್ರಿಕೆ ಬಿಟ್ಟು ಬೇರೆ ತೆಗೆಯಲು ಹೋದೆ. ಅವಳೇ ತಡೆದಳು. "ಇದರಾಗ ಕತ್ತರಸ್ರಿ. ಹಂಗಾದ್ರೂ ಆ ಲಗ್ನದಾಗ ನನ್ನ ಕಿವಿ ಇರಲಿ" ಎಂದು ಮತ್ತೆ ನಕ್ಕಳು. ಇಬ್ಬರೂ ನಕ್ಕೆವು, ಕಣ್ಣೊರೆಸಿಕೊಂಡೆವು.

ಗಂಟು ಕೊಯ್ದ ದಿನವೇ ಕರೆಂಟು ಶುರುವಾಯಿತು. ರೋಗಿ ಒಳಗೆ ಒಬ್ಬರೇ, ನಾವು ಹೊರಗೆ ದಪ್ಪ ಗಾಜಿನ ಆಚೆ, ಮಾತು ಮೈಕಿನಲ್ಲಿ. "ಖಾತೂನಬಿ, ಅಳ್ಳಾಡಬ್ಯಾಡ್ರಿ, ಮಾತಾಡಬ್ಯಾಡ್ರಿ" ಎಂದೆ. "ಇಲ್ರಿ ಬಾಯಾರ, ಮಾತಾಡೂದಿಲ್ಲ. ನಾ ಯಾಕ ಮಾತಾಡಲಿ? ನಮ್ಮ ಮನ್ಯಾಗ ಕೇಳ್ರಿ, ನಾ ಮಾತಾಡೂದ ಕಡಿಮಿ..." ದವಡೆ ಆಡಿದರೆ ಕಿವಿ ಆಡುತ್ತದೆ, ಕಿವಿ ಆಡಿದರೆ ಗುರಿ ತಪ್ಪುತ್ತದೆ. ಮೂರು ಸಲ ಒಳಗೆ ಹೋಗಿ ತಗಡು ಸರಿಪಡಿಸಿ ಬಂದೆ. ಕೊನೆಗೆ ಅವಳ ಕೈಯಿಂದಲೇ ಒಂದು ಗಾಜಿನ ಬಳೆ ತೆಗೆದು ತುಟಿಗಳ ನಡುವೆ ಇಟ್ಟೆ. "ಇದು ಬೀಳಬಾರದು, ಒಡೀಬಾರದು." ಬಳೆಗಾರ್ತಿ ಬಳೆ ಬೀಳಿಸಿಯಾಳೇ? ಕಲ್ಲಿನ ಹಾಗೆ ಮಲಗಿದಳು. ಆಮೇಲೆ ಎಷ್ಟೋ ವಾಚಾಳಿಗಳಿಗೆ ಇದೇ ಉಪಾಯ ಮಾಡಿದ್ದೇನೆ. ನೀವೂ ಡ್ರಾಯರಿನಲ್ಲಿ ಒಂದೆರಡು ಬಳೆ ಇಟ್ಟುಕೊಳ್ಳಿ, ತೊಳೆದೇ ಕೊಡಿ.

ಹೊಲಿಗೆ ಬಿಚ್ಚಿದರು. ಹಾಲೆಗಳು ನುಣುಪಾಗಿ ಮಾಯ್ದವು. ಡಾಕ್ಟರು ಒಂದೇ ಮಾತು ಹೇಳಿದ್ದರು: "ಈ ಕಿವಿ ಇನ್ನು ಚುಚ್ಚಬಾರದು. ಗೊತ್ತಾಯಿತಾ? ಇಲ್ಲಿ, ಕೆಳಗೆ, ಚುಚ್ಚಲೇಬಾರದು." ಖಾತೂನಬಿ ಅಲ್ಲಾನ ಆಣೆ ಇಟ್ಟು ಒಪ್ಪಿದಳು.

ಕೆಲವು ತಿಂಗಳ ಮೇಲೆ ಬಂದಳು. ಸೆರಗಿನ ಗಂಟು ಮತ್ತೆ ಗದ್ದದ ಕೆಳಗಿತ್ತು. ಬಿಚ್ಚಿದರೆ ಹಾಲೆಗಳು ಚೆನ್ನಾಗಿವೆ. ಆದರೆ ಬಲಗಿವಿಯ ಮೇಲಂಚಿನಲ್ಲಿ ಬಟಾಣಿ ಕಾಳಿನಂತೆ ಹೊಸ ಗಂಟು.

"ಚುಚ್ಚಿಸಿದಿರಾ?" ಡಾಕ್ಟರರ ಧ್ವನಿ ವರಾಂಡದ ತನಕ ಕೇಳಿತು.

"ನೀವು ಕೆಳಗ ಚುಚ್ಚಬ್ಯಾಡ ಅಂದಿದ್ರಿ. ನಾ ಮ್ಯಾಲ ಚುಚ್ಚಿಸೀನ್ರಿ."

ನಾನು ಮತ್ತೆ ಸೀಸದ ಬಾಗಿಲಿನ ಹಿಂದೆ.

ನಡೆದದ್ದು ಇಷ್ಟು. ಲಕ್ಷ್ಮೇಶ್ವರದ ಪೇಟೆಯಲ್ಲಿ ಗೌಡರ ಹೆಂಡತಿ, ಆ ಗೌಡಶಾನಿ, ಸಿಕ್ಕಿ ಕಿವಿ ನೋಡಿದ್ದಾಳೆ. "ಗಂಟು ಹೋತಲ್ಲ, ಚೊಲೊ ಆತು. ಆದ್ರ ಬೋಳ ಕಿವಿಲೆ ಮದುಮಗಳ ಮುಂದ ಕುಂಡ್ರತೀಯೇನ? ಸಣ್ಣ ಮಗಳ ಲಗ್ನ ಬರೂದೈತಿ, ನೋಡೂಣಂತ" ಎಂದಿದ್ದಾಳೆ. ಮುತ್ತೈದೆ ಬಳೆಗಾರ್ತಿಯ ಕಿವಿ ಬೋಳಿದ್ದರೆ ಮದುಮಗಳಿಗೆ ಒಳ್ಳೆಯದಲ್ಲವೆಂದು ಆ ಕಡೆ ಎಲ್ಲರೂ ನಂಬಿದ್ದರು, ಖಾತೂನಬಿಯೂ ನಂಬಿದ್ದಳು. ಅಂದೇ ಬಂಗಾರದ ಕೆಲಸದ ಪತ್ತಾರನ ಬಳಿ ಹೋಗಿ ಮೇಲಂಚಿಗೆ ಬಾಲಿ ಹಾಕಿಸಿದ್ದಳು.

"ಇನ್ನೊಂದು ಸಲ ಕೊಯ್ದು ಕರೆಂಟ್ ಕೊಡ್ತೀನಿ, ಜಾಗ ಬೇರೆ ಅಂತ" ಎಂದರು ಡಾಕ್ಟರು. "ಆದರೆ ಜನ್ಮದಲ್ಲಿ ಓಲೆ, ಬಾಲಿ, ಏನೂ ಹಾಕಲ್ಲ ಅಂತ ಮಾತು ಕೊಡಿ. ಇಲ್ಲದಿದ್ದರೆ ಇಲ್ಲ."

"ಬೋಳ ಕಿವಿಲೆ ಮನ್ಯಾಗ ಕುಂಡ್ರೂದಾದ್ರ ಗಂಟ ಇರಲಿ ಬಿಡ್ರಿ" ಎಂದು ಖಾತೂನಬಿ ಎದ್ದುಬಿಟ್ಟಳು.

ಇಬ್ಬರೂ ಹಟಮಾರಿಗಳು. ನಾನು ನಡುವೆ ಸಿಕ್ಕೆ. ಗಂಟು ಮತ್ತೆ ಬಾರದಿರಲು ಕಿವಿಯನ್ನು ಎರಡೂ ಕಡೆಯಿಂದ ಹದವಾಗಿ ಒತ್ತಿ ಹಿಡಿಯುವ ಪಟ್ಟಿ ಹಾಕುತ್ತಾರೆಂದು ಡಾಕ್ಟರರೇ ಒಮ್ಮೆ ಹೇಳಿದ್ದರು. ಅದು ನನಗೆ ಥಟ್ಟನೆ ನೆನಪಾಯಿತು. "ಸರ್, ಆ ಒತ್ತುವ ಪಟ್ಟಿ ಬಂಗಾರದ್ದಾದರೆ? ಅದಕ್ಕೆ ಝುಮಕಿ ಜೋಲಿಬಿಟ್ಟರೆ? ತೂತೂ ಇಲ್ಲ, ಬೋಳೂ ಇಲ್ಲ." ಡಾಕ್ಟರು, "ಇದು ಆಸ್ಪತ್ರೆನೋ ಸರಾಫ ಬಜಾರೋ?" ಎಂದರು. ಆದರೆ ಬೇಡ ಎನ್ನಲಿಲ್ಲ.

ಬೆಟಗೇರಿಯ ವೀರಪ್ಪ ಪತ್ತಾರರ ಅಂಗಡಿಗೆ ಹೋಗಿ ಎಲ್ಲ ವಿವರಿಸಿದೆ. ಅವರು ತಲೆ ಕೆರೆದುಕೊಂಡು, "ಬಾಯಾರ, ನಮ್ಮ ಅಪ್ಪನ ಕಾಲದಿಂದ ಕಿವಿ ಚುಚ್ಚಕೋತ ಬಂದೇವಿ. ಚುಚ್ಚಲಾರದ ಹಾಕೂದು ಅಂದ್ರ ನಮ್ಮ ಹೊಟ್ಟಿ ಮ್ಯಾಲ ಹೊಡದಂಗ ಆತಲ್ರಿ" ಎಂದರು. ಹಾಗೆಂದವರೇ ಆಗಲೇ ಕಾಗದ ಎಳೆದು ಚಿತ್ರ ಬರೆಯತೊಡಗಿದ್ದರು. ಹಿಂದೊಂದು ಬಿಲ್ಲೆ, ಮುಂದೊಂದು ಬಿಲ್ಲೆ, ಬಿಗಿ ಮಾಡಲು ಸಣ್ಣ ತಿರುಪು, ಮುಂದಿನ ಬಿಲ್ಲೆಗೆ ಮುತ್ತಿನ ಝುಮಕಿ.

ಮೊದಲನೆಯದನ್ನು ಆಸ್ಪತ್ರೆಗೆ ತಂದರು. ಬಿಗಿ ಎಷ್ಟಿರಬೇಕು? ಹೆಚ್ಚಾದರೆ ರಕ್ತ ನಿಲ್ಲುತ್ತದೆ, ಕಡಿಮೆಯಾದರೆ ಸುಮ್ಮನೆ ಒಡವೆ. "ಕೊಡಿ ಇಲ್ಲಿ" ಎಂದು ಡಾಕ್ಟರು ತಮ್ಮ ಕಿವಿಗೇ ಸಿಕ್ಕಿಸಿಕೊಂಡು ಕನ್ನಡಿ ತರಿಸಿದರು. "ಸ್ವಲ್ಪ ಹೊತ್ತು ಇಟ್ಟು ನೋಡ್ತೀನಿ" ಎಂದವರು ರೋಗಿಗಳನ್ನು ನೋಡುತ್ತ ಮರೆತೇಬಿಟ್ಟರು. ಅಷ್ಟರಲ್ಲಿ ಆಡಳಿತ ಮಂಡಳಿಯ ಚೇರಮನ್ನರು ಹೇಳದೆ ಕೇಳದೆ ಬಂದರು. ಡಾಕ್ಟರು ಎದ್ದು ನಿಂತು ಹೊಸ ಯಂತ್ರದ ಅಗತ್ಯವನ್ನು ಗಂಭೀರವಾಗಿ ವಿವರಿಸಿದರು. ತಲೆ ಆಡಿಸಿದಾಗಲೆಲ್ಲ ಝುಮಕಿ ಗಲ್ಲಕ್ಕೆ ಬಡಿಯುತ್ತಿತ್ತು. ನಾನು ಕಣ್ಸನ್ನೆ ಮಾಡಿದೆ, ಕಿವಿ ಹಿಡಿದು ತೋರಿಸಿದೆ. "ಯಾಕೆ ಸುಮಿತ್ರಾ, ತಪ್ಪಾಯಿತು ಅಂತೀರಾ?" ಎಂದು ಮಾತು ಮುಂದುವರಿಸಿದರು. ಚೇರಮನ್ನರು ಎಲ್ಲ ಕೇಳಿ, ಬಾಗಿಲ ತನಕ ಹೋಗಿ, ತಿರುಗಿ ಮೆಲ್ಲಗೆ ಕೇಳಿದರು: "ಡಾಕ್ಟರ್ರ, ಇನ್ನೊಂದು ಕಿವೀದು ಕಳಕೊಂಡ್ರೇನ್ರಿ?"

ವೀರಪ್ಪ ನೆಲದ ಮೇಲೆ ಕುಳಿತೇ ನಕ್ಕರು. ಈ ಸಲ ನನಗೆ ಸೀಸದ ಬಾಗಿಲು ಮುಟ್ಟುವಷ್ಟೂ ಪುರಸೊತ್ತು ಸಿಗಲಿಲ್ಲ. ಡಾಕ್ಟರು ಮಾತ್ರ ಕನ್ನಡಿ ನೋಡಿಕೊಂಡು, "ನೋವಿಲ್ಲ. ಕಿವಿ ಬಿಳಚಿಕೊಂಡಿಲ್ಲ. ಬಿಗಿ ಸರಿಯಾಗಿದೆ" ಎಂದು ತೀರ್ಪು ಕೊಟ್ಟರು.

ಖಾತೂನಬಿಗೆ ತೋರಿಸಿದಾಗ ಅವಳು ಬಹಳ ಹೊತ್ತು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಇದು ದಾಗೀನನೋ, ಔಷಧನೋ?" ಎಂದಳು. "ಎರಡೂ" ಎಂದೆ. "ಹಂಗಾದ್ರ ಕೊಯ್ರಿ" ಎಂದು ಮೇಜಿನ ಮೇಲೆ ಮಲಗಿಯೇಬಿಟ್ಟಳು. ಕೊಯ್ದರು, ಅಂದೇ ಕರೆಂಟ್ ಕೊಟ್ಟೆವು, ತುಟಿಯಲ್ಲಿ ಬಳೆ. ಗಾಯ ಮಾಯ್ದ ಮೇಲೆ ಮೇಲಂಚಿಗೆ ಒತ್ತು ಬಾಲಿ, ಹಾಲೆಗಳಿಗೆ ಒತ್ತು ಝುಮಕಿ. ಇನ್ನು ಕಾಯುವುದಷ್ಟೇ. ಗಂಟು ಬರುವುದಿದ್ದರೆ ತಿಂಗಳುಗಟ್ಟಲೆ ಕಳೆದ ಮೇಲೂ ಬಂದೀತು. ಪ್ರತಿ ಸಲ ತೋರಿಸಲು ಬಂದಾಗ ನಾನು ಎರಡು ಬೆರಳಲ್ಲಿ ಅವಳ ಕಿವಿ ಹಿಸುಕಿ ನೋಡುವೆ. ಮೆತ್ತಗಿದ್ದರೆ ಇಬ್ಬರಿಗೂ ಉಸಿರು. ಡಾಕ್ಟರು ನನಗೊಬ್ಬಳಿಗೇ ಹೇಳಿದ್ದರು: "ಇನ್ನೊಂದು ಸಲ ಬಂದರೆ ನಾನು ಮುಟ್ಟಲಾರೆ. ಆ ಚರ್ಮ ತಡೆಯುವುದಿಲ್ಲ."

ಹಾಗಿರುವಾಗ ಒಂದು ದಿನ, ಅವಳು ತೋರಿಸಲು ಬರಬೇಕಾದ ದಿನವೇ, ಲಕ್ಷ್ಮೇಶ್ವರದ ಕಾಳಿನ ಅಂಗಡಿಯೊಂದರಿಂದ ಫೋನು ಬಂತು. ನಮ್ಮ ಸ್ವಾಗತದ ಹುಡುಗಿ ಓಡಿ ಬಂದು ಒಂದೇ ಉಸಿರಿನಲ್ಲಿ ಹೇಳಿದಳು. "ಖಾತೂನಬೀದು ಹೆಚ್ಚೇತಂತ್ರಿ. ಎಲ್ಲಾ ಹೆಚ್ಚೇತಂತ. ಇವತ್ತ ಬರಾಕ ಆಗೂದಿಲ್ಲಂತ. ಅಡರಕಟ್ಟಿಗೆ ಹೋಗ್ಯಾಳಂತ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಚ್ಚಾಗಿದೆಯಂತೆ" ಎಂದರು. ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಗೌಡರ ಮನೆಯ ಸಣ್ಣ ಮಗಳ ಮದುವೆ ಅದೇ ವಾರವೆಂದು ನನಗೆ ಗೊತ್ತಿತ್ತು. ಗಂಟು ಬಂದ ಕಿವಿ ಹೊತ್ತು ಆ ಮನೆಯ ಬಾಗಿಲಿಗೆ ಹೋದರೆ ಏನಾದೀತು? "ನಡೀರಿ" ಎಂದು ಡಾಕ್ಟರು ಕಾರಿನ ಕೀಲಿ ತೆಗೆದುಕೊಂಡರು. ಅವರು ರೋಗಿಯ ಊರಿಗೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದಾರಿಯುದ್ದಕ್ಕೂ, "ಕಿರಣ ಕಡಿಮೆ ಆಯ್ತಾ? ಒತ್ತು ಕಡಿಮೆ ಆಯ್ತಾ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತ ಅಳು ನುಂಗುತ್ತಿದ್ದೆ.

ಗೌಡರ ಮನೆ ಮುಂದೆ ಹಂದರ, ಧ್ವನಿವರ್ಧಕದಲ್ಲಿ ಹಾಡು. ಗಂಡಸರು ಯಾರೂ ಒಳಗಿರಲಿಲ್ಲ, ಬಳೆ ಇಡುವ ಹೊತ್ತು. ಡಾಕ್ಟರು ಅದನ್ನೆಲ್ಲ ಗಮನಿಸದೆ ಹೆಂಗಸರ ನಡುವೆ ನುಗ್ಗಿದರು, ಹಿಂದೆ ನಾನು. ಪಡಸಾಲೆಯ ನಡುವೆ ಜಮಖಾನೆ, ಅದರ ಮೇಲೆ ಮದುಮಗಳು. ಅವಳ ಕೈಯನ್ನು ತನ್ನ ಕೈಯಲ್ಲಿ ಬಳೆ ಏರುವಂತೆ ಹಿಸುಕುತ್ತ, ಸೆರಗನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಝುಮಕಿ ತೂಗಾಡಿಸುತ್ತ, ಖಾತೂನಬಿ!

"ಕಿವಿ ತೋರಿಸಿ!" ಎಂದು ಡಾಕ್ಟರು ಕೂಗಿದರು.

"ಯಾ ಅಲ್ಲಾ! ಸಾಹೇಬ್ರು ಇಲ್ಲಿಗೆ ಯಾಕ ಬಂದ್ರಿ?"

"ಹೆಚ್ಚಾಗಿದೆ ಅಂತ ನೀವೇ ಫೋನ್ ಮಾಡಿಸಿದಿರಲ್ಲ!"

ಖಾತೂನಬಿಯ ಬಳೆಗಳೆಲ್ಲ ಗಲಗಲ ಅಂದವು. "ಬಳಿ ರೀ, ಬಳಿ! ಬಳಿ ಹೆಚ್ಚ್ಯಾವ! ಟೆಂಪೋದಾಗಿಂದ ಪೆಟಗಿ ಬಿದ್ದು ಎಲ್ಲಾ ಹೆಚ್ಚಿದ್ವು. ಮತ್ತ ಪ್ಯಾಟಿಗೆ ಹೋಗಿ ಹೊಸಾವು ತರಬೇಕಾತು, ಅದಕ್ಕ ಬರೂದಿಲ್ಲ ಅಂತ ಹೇಳಿ ಕಳಿಸಿದೆ. ಲಗ್ನಕ್ಕ ಹೊಂಟಾಕಿ ಬಳಿ ಒಡದ್ವು ಅಂತ ಬಾಯಿಲೆ ಅಂತೇನೇನ್ರಿ?"

ಹುಡುಗಿಯರೇ, ನಾನು ಗದಗಿನಲ್ಲೇ ಹುಟ್ಟಿದವಳು. ಬಳೆ ಒಡೆದರೆ ಒಡೆಯಿತು ಎನ್ನಬಾರದು, ಅದು ಅಪಶಕುನ, ಹೆಚ್ಚಿತು ಎನ್ನಬೇಕೆಂದು ನನ್ನ ತಾಯಿ ಎಷ್ಟು ಸಲ ಬೈದು ಕಲಿಸಿದ್ದಳೋ! ಆದರೆ ನಮ್ಮ ವಿಭಾಗದಲ್ಲಿ ಹೆಚ್ಚುವುದು ಗಂಟೊಂದೇ. ನಾನು ಜಮಖಾನೆಯ ಅಂಚಿನಲ್ಲಿ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೈಸೂರಿನ ಡಾಕ್ಟರರಿಗೆ ಬಿಡಿಸಿ ಹೇಳಲು ಎರಡು ಸಲ ಯತ್ನಿಸಿದೆ, ಆಗಲಿಲ್ಲ. ಗೌಡಶಾನಿಯೇ ಹೇಳಿದಳು. ಅವರೂ ನಕ್ಕರು, ಎಂದೂ ನಗದ ಮನುಷ್ಯ.

ಖಾತೂನಬಿ ತಾನಾಗಿ ಬಾಲಿಯ ತಿರುಪು ಸಡಿಲಿಸಿ ತೆಗೆದು ಕಿವಿ ಮುಂದೆ ಮಾಡಿದಳು. ನಾನು ಎರಡು ಬೆರಳಲ್ಲಿ ಹಿಸುಕಿದೆ. ಮೇಲಂಚು, ಹಾಲೆ, ಆ ಕಿವಿ, ಈ ಕಿವಿ. ಎಲ್ಲೂ ಏನೂ ಇಲ್ಲ. ಬರೀ ಕಿವಿ. ಡಾಕ್ಟರೂ ಬಗ್ಗಿ ನೋಡಿ ತಲೆ ಆಡಿಸಿದರು. ಗೌಡಶಾನಿ ಪಕ್ಕಕ್ಕೆ ಸರಿದು ಬಂದು, "ಈ ಬಾಲಿ ಎಲ್ಲಿ ಮಾಡಿಸಿದಿ ಖಾತೂನಬಿ? ಚುಚ್ಚಲಾರದ ನಿಂದರತಾವಂತಲ್ಲ, ನನಗೂ ಒಂದ ಜೋಡಿ ಬೇಕು" ಎಂದಳು. ಆ ವರ್ಷ ಬೆಟಗೇರಿಯಲ್ಲಿ ವೀರಪ್ಪನವರು ಕರೆಂಟ್ ಬಾಲಿ ಎಂಬ ಹೆಸರಿನಲ್ಲಿ ಎಷ್ಟು ಮಾರಿದರೆಂದರೆ, ಅಂಗಡಿಗೆ ಹೋದರೆ ನನಗೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಅಂದು ಗೌಡಶಾನಿಯ ಮಾತು ಮುಗಿಯುವಷ್ಟರಲ್ಲಿ ಪಡಸಾಲೆಯ ಫ್ಯಾನು ನಿಂತಿತು. ಹಂದರದ ಹಾಡು ನಡುವೆಯೇ ಗಪ್ಪಾಯಿತು. "ಹೋತು, ಕರೆಂಟ್ ಹೋತು!" ಎಂದು ಹೆಂಗಸರೆಲ್ಲ ಒಟ್ಟಿಗೆ ಗುಲ್ಲೆಬ್ಬಿಸಿದರು.

ಖಾತೂನಬಿ ತಲೆ ಎತ್ತಲಿಲ್ಲ. ಮದುಮಗಳ ಕೈ ಬಿಡದೆ, ಗದ್ದ ಮಾತ್ರ ನನ್ನ ಕಡೆ ತಿರುಗಿಸಿದಳು.

"ಹೋದ್ರ ಹೋಗ್ಲಿ ಬಿಡ್ರವ್ವಾ. ನನಗ ಬೇಕಾದಷ್ಟು ಇವರು ಕೊಟ್ಟಾರ" ಎಂದು ಹಸಿರು ಬಳೆಯನ್ನು ಮೆಲ್ಲಗೆ ಏರಿಸಿದಳು.